ಹೂವಿನ ದಾರಿಯಲ್ಲಿ ಎರಡು ದಿನ

ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಗತಿಯಿಂದ ಪಾಠ ಕಲಿಯಿರಿ ಎಂದು ಪವಿತ್ರ ಕುರ್‌ಆನ್ ಹಲವೆಡೆ ಕರೆ ನೀಡುತ್ತದೆ. ಸಂಚಾರವೆಂದರೆ ದೂರದ ದೇಶಕ್ಕೇ ಹೋಗಬೇಕೆಂದೇನಿಲ್ಲ. ನಮ್ಮ ಹೂವಿನಹಡಗಲಿಯಿಂದ ಹಂಪಿ ಬಸ್ಸಿನಲ್ಲಿ ಕೆಲವೇ ಗಂಟೆಗಳ ದಾರಿ. ಆದರೆ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಅದನ್ನು ನೋಡಿದ್ದಾರೆ? ಅದರಲ್ಲೂ ಹೆಣ್ಣುಮಕ್ಕಳು?

2025ರ ಫೆಬ್ರವರಿಯ ಮೊದಲ ಶನಿವಾರ ಹೈಸ್ಕೂಲಿನ ಮಕ್ಕಳನ್ನು ಕರೆದುಕೊಂಡು ಎರಡು ದಿನದ ಪ್ರವಾಸ ಹೊರಟೆವು. ಹುಡುಗಿಯರನ್ನು ಕಳುಹಿಸಲು ಮೊದಲು ಹಲವು ಮನೆಗಳವರು ಒಪ್ಪಲಿಲ್ಲ. ಇಬ್ಬರು ಶಿಕ್ಷಕಿಯರೂ ನಾಲ್ವರು ತಾಯಂದಿರೂ ಜೊತೆಗೆ ಬರುತ್ತಾರೆಂದ ಮೇಲೆ ಒಪ್ಪಿಗೆ ಸಿಕ್ಕಿತು. ಫಜ್ರ್ ನಮಾಝ್ ಮುಗಿಸಿ ಬಸ್ಸು ಹತ್ತಿದೆವು. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಜೊತೆಗಿತ್ತು.

ನಮ್ಮ ಊರಿನ ಹೆಸರಿಗೂ ಈ ದಾರಿಗೂ ನಂಟಿದೆ. ಹಿಂದೆ ಇಲ್ಲಿನ ಹೂವು ತುಂಗಭದ್ರೆಯ ಮೇಲೆ ಹಡಗಿನಲ್ಲಿ ವಿಜಯನಗರಕ್ಕೆ ಹೋಗುತ್ತಿತ್ತಂತೆ. ಅದರಿಂದಲೇ ಈ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಹಡಗಲಿ ಮಲ್ಲಿಗೆಗೆ ಇಂದು ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಹೂವು ಹೋದ ದಿಕ್ಕಿನಲ್ಲೇ ನಾವೂ ಹೊರಟಿದ್ದೆವು.

ಮೊದಲು ನಿಂತದ್ದು ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆಯ ಬಳಿ. ನೀರಿನ ನಡುವೆ ನಿಂತ ಜಾಲಿ ಮರಗಳ ತುಂಬ ಹಕ್ಕಿಗಳು. ಬಣ್ಣದ ಕೊಕ್ಕರೆ, ಬಾಯ್ಕಳಕ, ನೀರುಕಾಗೆಗಳ ಸದ್ದಿನಲ್ಲಿ ನಮ್ಮ ಮಾತೇ ಕೇಳಿಸದು. 2024ರಲ್ಲಿ ಈ ಕೆರೆಗೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ರಾಮ್ಸಾರ್ ಮಾನ್ಯತೆ ದೊರೆಯಿತು. ಮನೆಯ ಪಕ್ಕದಲ್ಲಿದ್ದ ಈ ಐಶ್ವರ್ಯವನ್ನು ಮಕ್ಕಳು ಅಂದೇ ಮೊದಲ ಬಾರಿಗೆ ಕಂಡರು.

ಅಲ್ಲಿಂದ ತುಂಗಭದ್ರಾ ಅಣೆಕಟ್ಟೆಗೆ. 1945ರಲ್ಲಿ ಅಡಿಗಲ್ಲು ಕಂಡು 1953ರಲ್ಲಿ ಪೂರ್ಣಗೊಂಡ ಈ ಕಟ್ಟೆಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನದಿಯ ಕೆಳಗಿನ ಊರುಗಳೆಲ್ಲ ಭಯದಲ್ಲಿದ್ದವು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದ ಕಾರ್ಮಿಕರ ಸಾಹಸವನ್ನು ಮಕ್ಕಳಿಗೆ ವಿವರಿಸಿದೆವು. ನಮ್ಮ ಹೊಲಗಳನ್ನು ಹಸಿರಾಗಿಸುವ ಈ ನೀರಿಗಾಗಿ ಹತ್ತಾರು ಹಳ್ಳಿಗಳು ಮುಳುಗಿವೆ, ಸಾವಿರಾರು ಜನ ಮನೆ ಬಿಟ್ಟಿದ್ದಾರೆ ಎಂಬುದನ್ನೂ ಹೇಳಿದೆವು. ಒಂದು ಲೋಟ ನೀರು ಕುಡಿಯುವಾಗಲೂ ಅವರ ಋಣ ನೆನಪಿರಬೇಕು.

ರಾತ್ರಿ ಹೊಸಪೇಟೆಯಲ್ಲಿ ತಂಗಿ ಭಾನುವಾರ ಹಂಪಿ ತಲುಪಿದೆವು. ವಿಠ್ಠಲ ದೇಗುಲದ ಕಲ್ಲಿನ ರಥ, ಕಮಲ ಮಹಲು, ಆನೆಲಾಯ ನೋಡುತ್ತಾ ಬಂದಾಗ ಒಂಬತ್ತನೇ ತರಗತಿಯ ಹುಡುಗನೊಬ್ಬ ತಗ್ಗಿದ ದನಿಯಲ್ಲಿ ಕೇಳಿದ: "ಸರ್, ಇದನ್ನೆಲ್ಲ ಹಾಳು ಮಾಡಿದ್ದು ನಮ್ಮವರೇ ಅಂತಾರಲ್ಲ, ನಿಜವಾ?"

ಪ್ರಿಯ ಓದುಗರೇ, ಈ ಪ್ರಶ್ನೆ ನಿಮ್ಮ ಮಕ್ಕಳ ಮನಸ್ಸಿನಲ್ಲೂ ಇರಬಹುದು. ಅದಕ್ಕೆ ಗದರುವುದೂ ಉತ್ತರವಲ್ಲ, ಸತ್ಯ ಮರೆಮಾಚುವುದೂ ಉತ್ತರವಲ್ಲ. 1565ರ ಯುದ್ಧದಲ್ಲಿ ದಖ್ಖನಿನ ಸುಲ್ತಾನರು ಗೆದ್ದರು, ಆಮೇಲೆ ನಗರ ಲೂಟಿಯಾಗಿ ಹಾಳಾಯಿತು. ಇದು ಇತಿಹಾಸ. ವಿಜಯನಗರದ ಪಡೆಯಲ್ಲೂ ಮುಸ್ಲಿಮ್ ಸೈನಿಕರಿದ್ದರು ಎಂಬುದೂ ಇತಿಹಾಸವೇ. ರಾಜ್ಯಕ್ಕಾಗಿ ನಡೆದ ಹೋರಾಟವನ್ನು ಧರ್ಮದ ತಲೆಗೆ ಕಟ್ಟಬಾರದು. ಅನ್ಯಾಯ ಯಾರು ಮಾಡಿದರೂ ಅನ್ಯಾಯವೇ. ಇಷ್ಟು ಹೇಳಿ ಆತನನ್ನೂ ಉಳಿದವರನ್ನೂ ಕಮಲಾಪುರದಿಂದ ತಳವಾರಘಟ್ಟಕ್ಕೆ ಹೋಗುವ ದಾರಿಯತ್ತ ಕರೆದೊಯ್ದೆ.

ಅಲ್ಲಿ ಅಹ್ಮದ್ ಖಾನನ ಮಸೀದಿ ಇದೆ. ಗುಮ್ಮಟವಿಲ್ಲ, ಮಿನಾರವಿಲ್ಲ. ದೂರದಿಂದ ನೋಡಿದರೆ ಹಂಪಿಯ ಯಾವುದೋ ಕಲ್ಲಿನ ಮಂಟಪ. ಒಳಗೆ ಹೋದರೆ ಪಶ್ಚಿಮದ ಗೋಡೆಯಲ್ಲಿ ಕಿಬ್ಲಾ ತೋರಿಸುವ ಗೂಡು. ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಇದನ್ನು ಕಟ್ಟಿಸಿದ. ಇಲ್ಲಿನ ಶಾಸನ ಅರಬಿಯಲ್ಲಿಲ್ಲ, ಫಾರ್ಸಿಯಲ್ಲಿಲ್ಲ, ಕನ್ನಡದಲ್ಲಿದೆ. ತನ್ನ ಒಡೆಯನಿಗೆ ಪುಣ್ಯವಾಗಲೆಂದು ಧರ್ಮಸಾಲೆ ಕಟ್ಟಿಸಿದ್ದಾಗಿ ಅದು ಹೇಳುತ್ತದೆ. ಪಕ್ಕದಲ್ಲೇ ಗುಮ್ಮಟದ ಗೋರಿ, ಸುತ್ತ ಹಳೆಯ ಕಬರ್‌ಗಳು. ಮಕ್ಕಳು ಅಲ್ಲಿರುವವರಿಗೆ ಸಲಾಮ್ ಹೇಳಿದರು.

"ಇಲ್ಲೇ ನಮಾಝ್ ಮಾಡೋಣವಾ?" ಎಂದಳೊಬ್ಬ ಹುಡುಗಿ. ಇದು ಸಂರಕ್ಷಿತ ಸ್ಮಾರಕ, ನಿಯಮ ಪಾಲಿಸುವುದೂ ನಮ್ಮ ಹೊಣೆ ಎಂದು ತಿಳಿಸಿ, ಝುಹರ್ ನಮಾಝನ್ನು ಕಮಲಾಪುರದಲ್ಲಿ ಮಾಡಿದೆವು.

ಮಸೀದಿ ಕಟ್ಟಿದ ನಾಲ್ಕು ವರ್ಷಗಳ ನಂತರ, 1443ರಲ್ಲಿ, ತೈಮೂರನ ಮಗ ಶಾರುಖ್‌ನ ರಾಯಭಾರಿಯಾಗಿ ಅಬ್ದುರ್ರಝಾಕ್ ಈ ನಗರಕ್ಕೆ ಬಂದಿದ್ದ. ಹೆರಾತ್‌ನಿಂದ ಹೊರಟು, ಕಲ್ಲಿಕೋಟೆ ಮತ್ತು ಮಂಗಳೂರು ದಾಟಿ ಬಂದವನು. ಇಲ್ಲಿನ ಜನರಿಗೆ ಹೂವೆಂದರೆ ಅನ್ನದಷ್ಟೇ ಅಗತ್ಯ ಎಂದು ಆತ ಬೆರಗಿನಿಂದ ಬರೆದಿದ್ದಾನೆ. ಆ ಪೇಟೆಯಲ್ಲಿ ನಮ್ಮ ಹಡಗಲಿಯ ಹೂವೂ ಇದ್ದಿರಬಹುದಲ್ಲವೇ ಎಂದಾಗ ಮಕ್ಕಳ ಮುಖ ಅರಳಿತು.

ಹಿಂದಿರುಗುವಾಗ ಪ್ರಶ್ನೆ ಕೇಳಿದ್ದ ಹುಡುಗ ನೋಟ್ ಪುಸ್ತಕದಲ್ಲಿ 1439 ಮತ್ತು 1565 ಎಂಬ ಎರಡೂ ಇಸವಿಗಳನ್ನು ಬರೆದುಕೊಂಡಿದ್ದ. ಒಂದನ್ನು ಮಾತ್ರ ಕೇಳಿ ಬೆಳೆದವನಿಗೆ ಈಗ ಇನ್ನೊಂದೂ ಗೊತ್ತು.

ರಜೆಯಲ್ಲಿ ಮೊಬೈಲ್ ಕೊಟ್ಟು ಮಕ್ಕಳನ್ನು ಸುಮ್ಮನಿರಿಸುವುದು ಸುಲಭ. ಅದರ ಬದಲು ಬುತ್ತಿ ಕಟ್ಟಿಕೊಂಡು ನೀವೇ ಅವರ ಜೊತೆ ಹೊರಡಿ. ಗಂಡುಮಕ್ಕಳಷ್ಟೇ ಅಲ್ಲ, ಹೆಣ್ಣುಮಕ್ಕಳೂ ಬರಲಿ. ಈ ಮಣ್ಣಿನಲ್ಲಿ ತಮ್ಮ ಬೇರು ಎಷ್ಟು ಆಳವಿದೆಯೆಂದು ಕಣ್ಣಾರೆ ಕಂಡ ಮಗು ಯಾರ ಮುಂದೆಯೂ ಕುಗ್ಗುವುದಿಲ್ಲ, ಯಾರನ್ನೂ ದ್ವೇಷಿಸುವುದಿಲ್ಲ. ಅಲ್ಲಾಹನು ನಮ್ಮ ಮಕ್ಕಳಿಗೆ ನೋಡುವ ಕಣ್ಣನ್ನೂ ಅರಿಯುವ ಹೃದಯವನ್ನೂ ಅನುಗ್ರಹಿಸಲಿ.