ಕಾಲೇಬನು ಕೇಳಿದ ಬೆಟ್ಟ



ನಿಮ್ಮಲ್ಲಿ ಅರವತ್ತು ದಾಟಿದವರು ಒಂದು ಮಾತನ್ನು ಮೇಲಿಂದ ಮೇಲೆ ಕೇಳಿರುತ್ತೀರಿ. ‘ಇನ್ನೇನು, ಆರಾಮಾಗಿ ಇರ್ರಿ’ ಎಂಬುದೇ ಆ ಮಾತು. ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಆದರೂ ಇನ್ನು ನಿಮ್ಮಿಂದ ಯಾರಿಗೂ ಏನೂ ಆಗಬೇಕಾಗಿಲ್ಲ ಎಂಬ ಅರ್ಥವೂ ಅದರೊಳಗೆ ಅಡಗಿರುತ್ತದೆ. 2011ರಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರಿಕೆಯಿಂದ ನಿವೃತ್ತನಾಗಿ ಚೊಳಚಗುಡ್ಡದ ಮನೆಗೆ ಬಂದಾಗ ನನಗೂ ಅದೇ ಮಾತು ಸಿಕ್ಕಿತು. ಬಾದಾಮಿಗೆ ಸಮೀಪದ, ಬನಶಂಕರಿ ಜಾತ್ರೆಯಿಂದ ನಾಡಿಗೆಲ್ಲ ಗೊತ್ತಿರುವ ಊರು ನಮ್ಮದು. ಭಾನುವಾರದ ಆರಾಧನೆಗೆ ಬಸ್ಸು ಹಿಡಿದು ಗುಳೇದಗುಡ್ಡಕ್ಕೆ ಹೋಗುವುದು ನಮ್ಮ ಮನೆತನದ ರೂಢಿ.

ನಿವೃತ್ತಿಯ ಮರುದಿನ ಪ್ರಾರ್ಥನೆಯಲ್ಲಿ ಮೂರು ಸಂಕಲ್ಪಗಳನ್ನು ಮಾಡಿದೆ. ವರ್ಷಕ್ಕೊಮ್ಮೆ ಸತ್ಯವೇದವನ್ನು ಆದ್ಯಂತ ಓದುವುದು ಒಂದು. ಹಾರ್ಮೋನಿಯಂ ಕಲಿಯುವುದು ಇನ್ನೊಂದು. ಅದನ್ನು ಎಂಟೇ ತಿಂಗಳಲ್ಲಿ ಬಿಟ್ಟೆ, ಮನೆಯವರು ದೇವರಿಗೆ ಸ್ತೋತ್ರ ಸಲ್ಲಿಸಿದರು. ಮೂರನೆಯದು, ನಮ್ಮ ಸುತ್ತಲಿನ ರೈತರ, ನೇಕಾರರ ಬಾಯಲ್ಲಿರುವ ಮಾತುಗಳನ್ನು ಅವು ಮರೆತುಹೋಗುವ ಮೊದಲು ಬರೆದಿಡುವುದು. ಹೊಲಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಕಣದ ನಡುವಿನ ಮೇಟಿ ಕಾಣದಾಯಿತು. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವುಗಳು ಮುಚ್ಚಿಹೋದವು. ಹಂತಿ ಕಟ್ಟುವವರಿಲ್ಲದೆ ಹಂತಿಯ ಹಾಡೂ ನಿಂತಿತು. ವಸ್ತು ಹೋದ ಮೇಲೆ ಮಾತು ಎಷ್ಟು ದಿನ ಉಳಿದೀತು?

ಈ ಹುಚ್ಚನ್ನು ನನಗೆ ಹಿಡಿಸಿದವರು ಫರ್ಡಿನಾಂಡ್ ಕಿಟೆಲ್. ಚಿಕ್ಕಂದಿನಲ್ಲಿ ನಮ್ಮ ಗುರುಗಳೊಬ್ಬರ ಮನೆಯಲ್ಲಿ ಅವರ ನಿಘಂಟನ್ನು ಎರಡೂ ಕೈಗಳಿಂದ ಎತ್ತಿ ನೋಡಿದ್ದೆ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ತರುಣರಾಗಿ ಈ ನಾಡಿಗೆ ಬಂದ ಕಿಟೆಲ್‌ರವರು 1877ರಲ್ಲಿ ಸ್ವದೇಶಕ್ಕೆ ಮರಳಿದ್ದರು. ಉಳಿದ ಕೆಲಸವನ್ನು ಅಲ್ಲಿಯೇ ಕುಳಿತು ಮುಗಿಸಬಹುದಿತ್ತು ಎಂದು ನಮಗೆ ತೋರೀತು. ಆದರೆ ಕನ್ನಡಿಗರ ಬಾಯಿಮಾತು ಜರ್ಮನಿಯಲ್ಲಿ ಸಿಗುವುದೆಲ್ಲಿ? 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಹಡಗು ಹತ್ತಿ ಬಂದರು. ಸುಮಾರು 70,000 ಶಬ್ದಗಳ ಆ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಅವರಿಗೆ ಅರವತ್ತು ಮೀರಿತ್ತು. ಅಷ್ಟಕ್ಕೇ ಬಿಡದೆ ಕನ್ನಡ ವ್ಯಾಕರಣವೊಂದನ್ನೂ ಬರೆದರು. ಅದು ಪ್ರಕಟವಾದ 1903ರಲ್ಲಿಯೇ ಕರ್ತನಲ್ಲಿ ನಿದ್ರೆಹೋದರು.

ನನ್ನದು ಅಂಥ ಕೆಲಸವೇನಲ್ಲ. ಆದರೂ ಎಂಟು ವರ್ಷಗಳಲ್ಲಿ ಆರು ನೋಟುಪುಸ್ತಕಗಳು ತುಂಬಿದವು. ಶಾಯಿ ಪೆನ್ನಿನಿಂದಲೇ ಬರೆಯಬೇಕೆಂಬ ಮಾಸ್ತರಿಕೆಯ ಅಭಿಮಾನ ನನ್ನದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟೆವು. ನೀರು ಇಳಿದ ಮೇಲೆ ಬಂದು ಟ್ರಂಕು ತೆರೆದರೆ ಹಾಳೆಗಳೆಲ್ಲ ನೀಲಿಯಾಗಿದ್ದವು. ಒಂದು ಪುಸ್ತಕವನ್ನು ಮಾತ್ರ, ಪೆನ್ನು ಕೆಟ್ಟಿದ್ದ ದಿನಗಳಲ್ಲಿ ಬರೆದದ್ದು, ಓದಲು ಬರುತ್ತಿತ್ತು. ಅದು ಪೆನ್ಸಿಲಿನದು.

‘ಅಪ್ಪಾ, ಹೋದದ್ದು ಹೋತು. ಹುಬ್ಬಳ್ಳಿಗೆ ಬಂದುಬಿಡ್ರಿ. ಈ ವಯಸ್ಸಿನಾಗ ಅದೆಲ್ಲ ಯಾಕ?’ ಎಂದ ಮಗ. ಅವನ ಮಾತು ತಪ್ಪೆನ್ನಲಾರೆ. ನಾಲ್ಕು ತಿಂಗಳು ಆ ಟ್ರಂಕಿನ ಕಡೆಗೆ ನೋಡಲಿಲ್ಲ. ಇದನ್ನು ನಿಮ್ಮೆದುರು ಮುಚ್ಚಿಡಬಾರದು: ಊಟಕ್ಕೆ, ಆರೋಗ್ಯಕ್ಕೆ, ಮೊಮ್ಮಕ್ಕಳಿಗೆ ಪ್ರಾರ್ಥಿಸುತ್ತಿದ್ದ ನಾನು ಈ ಒಂದು ವಿಷಯವನ್ನು ದೇವರ ಮುಂದೆ ಎತ್ತುತ್ತಿರಲಿಲ್ಲ. ಮುನಿಸಿತ್ತು.

ವರ್ಷದ ಓದು ಆ ಡಿಸೆಂಬರಿನಲ್ಲಿ ಎರಡನೆಯ ತಿಮೊಥೆಯ ಪತ್ರಿಕೆಗೆ ಬಂದಿತ್ತು. ಸೆರೆಯಲ್ಲಿ ಮರಣವನ್ನು ಎದುರು ನೋಡುತ್ತಿದ್ದ ಪೌಲನು, ತ್ರೋವದಲ್ಲಿ ಬಿಟ್ಟಿದ್ದ ಮೇಲಂಗಿಯನ್ನು ತರಲು ಹೇಳುತ್ತಾನೆ. ಚಳಿಗಾಲ ಹತ್ತಿರವಿತ್ತು, ಅದು ಸಹಜ. ಆದರೆ ಅದರ ಜೊತೆಗೆ ಪುಸ್ತಕಗಳನ್ನೂ, ವಿಶೇಷವಾಗಿ ಚರ್ಮದ ಹಾಳೆಗಳನ್ನೂ ಕೇಳುತ್ತಾನೆ. ಓಟ ಮುಗಿಯಿತೆಂದು ಬರೆದ ಕೈಯೇ ಇದನ್ನೂ ಬರೆದಿದೆ! ಎಷ್ಟೋ ಸಲ ಓದಿದ್ದೆ. ಆ ರಾತ್ರಿ ಮುಂದಕ್ಕೆ ಹೋಗಲಾಗಲಿಲ್ಲ. ಹಿಂದಕ್ಕೆ ತಿರುವಿ ಯೆಹೋಶುವನ ಪುಸ್ತಕದ ಕಾಲೇಬನ ಬಳಿಗೆ ಹೋದೆ. ಎಂಬತ್ತೈದರ ಮುದುಕನು ಯೆಹೋಶುವನಲ್ಲಿ ಕೇಳಿದ್ದು ನೀರಾವರಿಯ ತಗ್ಗನ್ನಲ್ಲ, ದೈತ್ಯರ ಕೋಟೆಗಳಿದ್ದ ಹೆಬ್ರೋನಿನ ಬೆಟ್ಟವನ್ನು. ಬಾದಾಮಿಯ ಕಲ್ಲುಬೆಟ್ಟಗಳನ್ನು ಏರಿ ಬಲ್ಲ ನಮಗೆ ಆ ಬೇಡಿಕೆಯ ಭಾರ ತಿಳಿಯುತ್ತದೆ. ಆದರೆ ಅವನು ತನ್ನ ತೋಳ್ಬಲವನ್ನು ನಂಬಿ ಮಾತ್ರ ಕೇಳಲಿಲ್ಲ. ನಲವತ್ತೈದು ವರ್ಷಗಳ ಹಿಂದಿನ ಒಂದು ವಾಗ್ದಾನವನ್ನು ಹಿಡಿದು, ಕರ್ತನು ಜೊತೆಗಿದ್ದರೆ ಆದೀತು ಎಂದನು.

ಹಾಗಾದರೆ ನನ್ನ ಜೊತೆಗೆ ಯಾರಿದ್ದರು? ಸತ್ಯ ಹೇಳಬೇಕೆಂದರೆ, ಆ ಆರು ಪುಸ್ತಕಗಳ ಹಿಂದೆ ನನ್ನ ಹೆಸರು ಅಚ್ಚಾದ ಒಂದು ದಪ್ಪ ಗ್ರಂಥದ ಕನಸಿತ್ತು. ಹೊಳೆ ಒಯ್ದದ್ದಕ್ಕೆ ಅತ್ತವನು ಮಾತುಗಳಿಗಾಗಿ ಅತ್ತನೋ, ಆ ಹೆಸರಿಗಾಗಿ ಅತ್ತನೋ ಎಂದು ಮೊಣಕಾಲೂರಿ ಕೇಳಿಕೊಂಡೆ. ಉತ್ತರ ಹಿತವಾಗಿರಲಿಲ್ಲ. ಗ್ರಂಥದ ಆಸೆಯನ್ನು ಅಲ್ಲಿಯೇ ಬಿಟ್ಟೆ. ಕೆಲಸವನ್ನು ಬಿಡಬೇಕೋ ಎಂಬುದು ಮಾತ್ರ ತಿಳಿಯಲಿಲ್ಲ.

ಸಂಕ್ರಾಂತಿಯ ಸುಮಾರಿಗೆ, ನನಗೆ ಬಹಳ ಮಾತುಗಳನ್ನು ಕೊಟ್ಟಿದ್ದ ಹಿರಿಯ ರೈತರೊಬ್ಬರು ಕೋಲೂರಿಕೊಂಡು ಮನೆಗೆ ಬಂದರು. ಅವರು ನಮ್ಮ ಸಭೆಯವರಲ್ಲ, ಬನಶಂಕರಿಯ ಒಕ್ಕಲು. ಕಟ್ಟೆಯ ಮೇಲೆ ಕುಳಿತು, ‘ಮಾಸ್ತರ, ಹೊಳಿ ಒಯ್ದದ್ದು ನಿಮ್ಮ ಹಾಳಿ. ಮಾತು ನನ್ನ ಬಾಯಾಗ ಅದಾವಲ್ರಿ. ಮತ್ತ ಬರಕೋರಿ’ ಎಂದರು. ಆ ದಿನವೇ ಕೂರಿಗೆ, ಕುಂಟೆ, ಎಡೆಕುಂಟೆಗಳಿಂದ ಮತ್ತೆ ಆರಂಭಿಸಿದೆವು.

ಈಗ ಎಪ್ಪತ್ತು ದಾಟಿದ್ದೇನೆ. ದಿನಕ್ಕೆ ಐದೇ ಮಾತು, ಅರಣ್ಯದಲ್ಲಿ ಮನ್ನವನ್ನು ಕೂಡಿಸಿದಂತೆ ಅಂದಿನದು ಅಂದಿಗೆ. ಕಣ್ಣು ಮಂಜಾದ ದಿನ ಎರಡು. ಜ್ವರ ಬಂದ ದಿನ ಇಲ್ಲ. ಎಷ್ಟಾದವೆಂದು ಎಣಿಸುವುದನ್ನು ಬಿಟ್ಟಿದ್ದೇನೆ. ಮೊಮ್ಮಗಳು ರಜೆಗೆ ಬಂದಾಗ ಎಲ್ಲವನ್ನೂ ಇನ್ನೊಂದು ಪ್ರತಿ ಮಾಡುತ್ತಾಳೆ, ಅದು ಹುಬ್ಬಳ್ಳಿಯಲ್ಲಿರುತ್ತದೆ.

ಆ ಹಿರಿಯರು ಈಗಿಲ್ಲ. ಆದರೆ ನಿನ್ನೆ ಅವರ ಸೊಸೆ ಹೇಳಿಕಳುಹಿಸಿದ್ದಾಳೆ, ಮಾವನವರು ಹಗೇವಿಗೆ ಇಳಿಯುವ ಮುನ್ನ ಹೇಳುತ್ತಿದ್ದ ಮಾತೊಂದು ನೆನಪಾಯಿತಂತೆ. ನಾಳೆ ಬೆಳಿಗ್ಗೆ ಹೋಗಬೇಕು. ಪೆನ್ಸಿಲು ಕೆತ್ತಿಟ್ಟಿದ್ದೇನೆ.