ಟವೆಲ್ ಹಾಕಿದ ಸೀಟು

ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲೋ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯೋದನ್ನು ನೀವೂ ನೋಡಿರುತ್ತೀರಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗಾದ ಪೇಚಿಗೂ ಈ ಟವೆಲ್ಲಿಗೂ ಸಂಬಂಧವಿದೆ.

ಆಗ ನಾನು ಒಂದು ಇಂಜಿನಿಯರಿಂಗ್ ಕಾಲೇಜಿನ ವೈಫೈ ನೋಡಿಕೊಳ್ಳುತ್ತಿದ್ದೆ. ಅವತ್ತು ಕ್ಯಾಂಪಸ್ ಸೆಲೆಕ್ಷನ್ನಿನ ಆನ್‌ಲೈನ್ ಟೆಸ್ಟ್. ಫೈನಲ್ ಇಯರ್ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಓಡಿಬಂದಳು. "ಸರ್, ನೆಟ್ ಬರ್ತಿಲ್ಲ. ಹನ್ನೊಂದಕ್ಕೆ ಟೆಸ್ಟ್ ಇದೆ." ನೋಡಿದೆ, ಸಿಗ್ನಲ್ ಫುಲ್ ಇತ್ತು. "ವೈಫೈ ಸರಿಯಾಗೇ ಇದೆ ಕಣಮ್ಮ, ನಿನ್ನ ಲ್ಯಾಪ್‌ಟಾಪ್‌ದೇ ಪ್ರಾಬ್ಲಂ" ಅಂದುಬಿಟ್ಟೆ. ಪಾಪ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಬರೆಯಲು ಹೋದಳು. ಅದು ಮಧ್ಯದಲ್ಲೇ ಕೈಕೊಟ್ಟಿತಂತೆ.

ಮಧ್ಯಾಹ್ನದ ಹೊತ್ತಿಗೆ ಅದೇ ದೂರು ಹೇಳಿಕೊಂಡು ಇಪ್ಪತ್ತು ಜನ ಬಂದರು. ಆಗ ಸರ್ವರ್ ತೆಗೆದು ನೋಡಿದೆ.

ವೈಫೈಗೆ ಸೇರುವ ಪ್ರತಿ ಫೋನಿಗೂ ಲ್ಯಾಪ್‌ಟಾಪಿಗೂ ಒಂದೊಂದು ಐಪಿ ವಿಳಾಸ ಬೇಕು. ಅದನ್ನು ಹಂಚುವುದು ಡಿಎಚ್‌ಸಿಪಿ ಸರ್ವರ್. ಆ ಕಟ್ಟಡಕ್ಕೆ ಇಟ್ಟಿದ್ದು ಬರೀ 254 ವಿಳಾಸ. ಒಬ್ಬೊಬ್ಬರ ಹತ್ತಿರ ಎರಡೆರಡು ಸಾಧನ! ಸಾಲದ್ದಕ್ಕೆ ಒಮ್ಮೆ ಕೊಟ್ಟ ವಿಳಾಸದ ಲೀಸ್ 24 ಗಂಟೆ. ಬೆಳಿಗ್ಗೆ ಒಂದು ಕ್ಲಾಸ್ ಮುಗಿಸಿ ಮನೆಗೆ ಹೋದವರ ಫೋನಿನ ಹೆಸರಲ್ಲೂ ಮಾರನೇ ದಿನದವರೆಗೆ ವಿಳಾಸ ಬುಕ್ ಆಗಿರುತ್ತಿತ್ತು. ಅದೇ, ಟವೆಲ್ ಹಾಕಿದ ಸೀಟು. ಕೂತವರು ಯಾರೂ ಇಲ್ಲ, ಬಂದವರಿಗೆ ಜಾಗವೂ ಇಲ್ಲ.

ಹಾಗಂತ ವಿಳಾಸಗಳಿಗೆ ಬರವಿರಲಿಲ್ಲ. ಒಳಗಿನ ನೆಟ್‌ವರ್ಕ್‌ಗಳಿಗೆಂದೇ ಮೀಸಲಾದ, 10ರಿಂದ ಶುರುವಾಗುವ ವಿಳಾಸಗಳೇ 1.67 ಕೋಟಿಗೂ ಹೆಚ್ಚಿವೆ. ಆ ಕಟ್ಟಡದ ಪಾಲನ್ನು 2,046ಕ್ಕೆ ಏರಿಸಿದೆ, ಲೀಸನ್ನು ಒಂದು ಗಂಟೆಗೆ ಇಳಿಸಿದೆ. ಒಳಗಿರುವ ಸಾಧನಗಳು ಅರ್ಧ ಅವಧಿ ಕಳೆಯುತ್ತಲೇ ತಾವೇ ನವೀಕರಿಸಿಕೊಳ್ಳುತ್ತವೆ. ಎದ್ದುಹೋದವರ ಜಾಗ ತಾನಾಗಿ ಖಾಲಿಯಾಗುತ್ತದೆ. ಕೆಲಸ ಹಿಡಿದದ್ದು ಅರ್ಧ ದಿನ ಅಷ್ಟೇ.

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಜಂಬದಿಂದ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಮಾತು: "ಸರಿ ಕಣೋ, ಆ ಹುಡುಗಿಗೆ ಏನು ಹೇಳ್ದೆ?"

ನನ್ನ ಬಾಯಿ ಕಟ್ಟಿತು.

ಮಾರನೇ ದಿನ ಪ್ಲೇಸ್‌ಮೆಂಟ್ ಆಫೀಸಿಗೆ ಹೋಗಿ "ತಪ್ಪು ನಮ್ಮ ನೆಟ್‌ವರ್ಕಿನದು" ಅಂತ ಬರೆದುಕೊಟ್ಟೆ, ಸರ್ವರ್ ದಾಖಲೆಯನ್ನೂ ಲಗತ್ತಿಸಿದೆ. ಸೀನಿಯರ್ ಒಬ್ಬರು "ಸುಮ್ನೆ ಮೈಮೇಲೆ ಎಳ್ಕೋತೀಯಲ್ಲೋ" ಎಂದು ಗದರಿದರು. ಕಂಪನಿಯವರು ಮುಂದಿನ ಬ್ಯಾಚ್ ಜೊತೆ ಅವಳಿಗೆ ಮತ್ತೆ ಟೆಸ್ಟ್ ಕೊಟ್ಟರು. ನಾನು ಸಾರಿ ಕೇಳಿದಾಗ ಅವಳು, "ನಂದೇ ಲ್ಯಾಪ್‌ಟಾಪ್ ಹಾಳಾಗಿದೆ ಅಂತ ಅಪ್ಪಂಗೆ ಹೊಸದು ಕೊಡ್ಸಿ ಅಂದಿದ್ದೆ ಸರ್" ಎಂದಳು. ಅವರಪ್ಪ ಸಾಲಕ್ಕೆ ಓಡಾಡುತ್ತಿದ್ದರಂತೆ.

ಈಗ ಯಾರೇ "ನೆಟ್ ಬರ್ತಿಲ್ಲ" ಅಂದರೂ, ಅವರ ಫೋನ್ ನೋಡುವ ಮೊದಲು ಎಷ್ಟು ವಿಳಾಸ ಉಳಿದಿದೆ ಅಂತ ನೋಡುತ್ತೇನೆ.