ಟಾಕ್ವಿಲ್ ಮತ್ತು ನನ್ನ ಠೇವಣಿ

1837ರಲ್ಲಿ ಅಲೆಕ್ಸಿ ದ ಟಾಕ್ವಿಲ್ ನಾರ್ಮಂಡಿಯ ವಲೋನ್ ಕ್ಷೇತ್ರದಿಂದ ಫ್ರಾನ್ಸಿನ ಸಂಸತ್ತಿಗೆ ನಿಂತು ಸೋತ. ಆಗ ಅವನಿಗೆ 32 ವರ್ಷ. ಅಮೆರಿಕದ ಪ್ರಜಾಪ್ರಭುತ್ವದ ಮೇಲೆ ಅವನು ಬರೆದ ಪುಸ್ತಕದ ಮೊದಲ ಭಾಗ ಬಂದು ಎರಡು ವರ್ಷವಾಗಿತ್ತು, ಹೆಸರೂ ಆಗಿತ್ತು. ವರ್ಷಕ್ಕೆ 200 ಫ್ರಾಂಕ್ ನೇರ ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ ಮತವಿದ್ದ ಕಾಲ ಅದು. ಇಡೀ ಕ್ಷೇತ್ರಕ್ಕೆ ಮತದಾರರು ಕೆಲವೇ ನೂರು ಜನ. ಪ್ರಧಾನಿ ಕೌಂಟ್ ಮೊಲೆ ಅವನ ಬಂಧು. ಸರ್ಕಾರಿ ಅಧಿಕಾರಿಗಳ ಬಲ ಸಿಗುವಂತಿತ್ತು, ಇವನೇ ಅದನ್ನು ಬೇಡವೆಂದ. ಹಳೆಯ ಶ್ರೀಮಂತ ಮನೆತನದ ಹುಡುಗ ಎಂಬ ಅನುಮಾನ ಬೇರೆ ಜನರಿಗೆ. ಗೆಲ್ಲುವುದಾದರೂ ಹೇಗೆ?

ಈ ಸೋಲು ನಮ್ಮ ಸಿಲಬಸ್ಸಿನಲ್ಲಿ ಇರಲಿಲ್ಲ. ರಾಜ್ಯಶಾಸ್ತ್ರದ ಮೇಷ್ಟ್ರಾಗಿ ನಾನು ಬಿ.ಎ. ಮಕ್ಕಳಿಗೆ ಬರೆಸುತ್ತಿದ್ದ ನೋಟ್ಸಿನಲ್ಲಿ ಟಾಕ್ವಿಲ್‌ಗೆ ಅರ್ಧ ಪುಟ: ಹುಟ್ಟು 1805, ಸಾವು 1859, ಬಹುಮತದ ದಬ್ಬಾಳಿಕೆ, ಸಂಘಸಂಸ್ಥೆಗಳ ಮಹತ್ವ, ಸ್ಥಳೀಯ ಸ್ವಯಮಾಡಳಿತ. ಹತ್ತು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಜನ ಸ್ವಾತಂತ್ರ್ಯವನ್ನು ಬಳಸಿ ಕಲಿಯುವುದು ತಮ್ಮೂರಿನ ಸಭೆಗಳಲ್ಲೇ ಎಂಬ ಅವನ ವಿಚಾರ ಹೇಳುವಾಗ ನನ್ನ ದನಿ ತಾನಾಗಿ ಏರುತ್ತಿತ್ತು. ಅಲ್ಲಿಂದ ನಮ್ಮ ಸಂವಿಧಾನದ 73ನೇ ತಿದ್ದುಪಡಿಗೆ ಹಾರುತ್ತಿದ್ದೆ, ಗ್ರಾಮಸಭೆಯನ್ನು ಹೊಗಳುತ್ತಿದ್ದೆ. ಆ ಗ್ರಾಮಸಭೆಗೆ ನಾನು ಒಮ್ಮೆಯೂ ಹೋದವನಲ್ಲ. ರಜೆಗೆ ಊರಿಗೆ ಬಂದಾಗ ಬಸ್ಸಿಳಿಯುತ್ತಿದ್ದದ್ದೇ ಪಂಚಾಯ್ತಿ ಕಟ್ಟಡದ ಮುಂದೆ.

ನಿವೃತ್ತನಾಗಿ ಊರಿಗೆ ಮರಳಿದ ಮೇಲೆ ಪಂಚಾಯ್ತಿ ಎಲೆಕ್ಷನ್ ಬಂತು. ಓದಿದವರು ಬರಬೇಕು ಸಾರ್ ಎಂದು ಯಾರೋ ನಾಲ್ಕು ಜನ ಅಂದರು. ನಾನು ಕಾಯುತ್ತಿದ್ದದ್ದೂ ಅದಕ್ಕೇ ಎಂದು ಕಾಣುತ್ತದೆ, ಮಾರನೇ ದಿನವೇ ನಾಮಪತ್ರದ ಫಾರಂ ತಂದೆ. ಕರಪತ್ರವನ್ನು ನಾನೇ ಬರೆದೆ. ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳೂ ಅದರಲ್ಲಿದ್ದವು. ನಮ್ಮ ಬೀದಿಯ ಚರಂಡಿಯ ಮಾತು ಇರಲಿಲ್ಲ.

ಎದುರಿಗೆ ನಿಂತವನು ಹಾಲಿನ ಡೇರಿಯಲ್ಲಿ ಹಾಲು ಅಳೆಯುವ ಹುಡುಗ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಪ್ರತಿ ಮನೆಯವರೂ ಅವನ ಮುಂದೆ ಕ್ಯಾನು ಹಿಡಿದು ನಿಲ್ಲುತ್ತಾರೆ. ಯಾರ ಹಸು ಗಬ್ಬ, ಯಾರದಕ್ಕೆ ಕೆಚ್ಚಲು ಬಾವು, ಯಾರ ಮನೆಯಲ್ಲಿ ಈ ವಾರ ಹಾಲು ಕಡಿಮೆಯಾಗಿದೆ, ಯಾಕೆ ಆಗಿದೆ, ಎಲ್ಲವೂ ಅವನಿಗೆ ಬಾಯಿಪಾಠ. ಅವನಿಗೆ ಕರಪತ್ರವೇ ಬೇಕಾಗಲಿಲ್ಲ. ಇಂಥವನ ಎದುರು ನನಗೆ ಸುಲಭ ಎಂದುಕೊಂಡಿದ್ದೆ.

ಕ್ಯಾನ್ವಾಸ್‌ಗೆ ಹೋದಾಗ ಒಂದು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ನನ್ನ ಕೈ ಹಿಡಿದುಕೊಂಡು, ‘ನಾನ್ಯಾರು ಗೊತ್ತಾಯ್ತೇನಪ್ಪ?’ ಅಂದರು. ಗೊತ್ತಿಲ್ಲದೆ ಏನಜ್ಜಿ ಎಂದು ನಕ್ಕೆ. ‘ಹಂಗಾದ್ರೆ ಹೇಳು.’ ಹೇಳಲಾಗಲಿಲ್ಲ. ಜೊತೆಯಲ್ಲಿದ್ದ ಹುಡುಗ ಕಿವಿಯಲ್ಲಿ ಉಸುರುವ ಮೊದಲೇ ಅಜ್ಜಿ, ‘ನಿಮ್ಮವ್ವನ ಬಾಣಂತನಕ್ಕೆ ನೀರು ಕಾಯಿಸಿದವಳು ಕಣಪ್ಪ’ ಎಂದು ಕೈ ಬಿಟ್ಟರು. ಬೈಯಲಿಲ್ಲ. ಕರಪತ್ರವನ್ನು ಮಡಚಿ ಮೊರದ ಕೆಳಗೆ ಇಟ್ಟುಕೊಂಡರು.

ಎಣಿಕೆಯ ದಿನ ನನ್ನ ಚೀಟಿಗಳ ಕಟ್ಟು ಎಷ್ಟು ತೆಳ್ಳಗಿತ್ತೆಂದರೆ ಸಿಬ್ಬಂದಿ ಅದಕ್ಕೆ ರಬ್ಬರ್ ಬ್ಯಾಂಡನ್ನೂ ಹಾಕಲಿಲ್ಲ. ಠೇವಣಿ ಹೋಯಿತು. ದುಡ್ಡು, ಜಾತಿ, ಬಾಟಲಿ ಎಂದು ಬಹಳ ದಿನ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಈ ಮೂರೂ ನಮ್ಮ ಚುನಾವಣೆಗಳಲ್ಲಿ ಇರುವುದು ಸುಳ್ಳಲ್ಲ. ಆದರೆ ನನ್ನ ಬ್ಲಾಕಿನಲ್ಲಿ ಗೆದ್ದ ಹುಡುಗನ ಜಾತಿಗೆ ಇದ್ದದ್ದು ಬೆರಳೆಣಿಕೆಯ ಮನೆ, ಅವನ ಹತ್ತಿರ ದುಡ್ಡೂ ಇರಲಿಲ್ಲ. ಅದನ್ನು ತಿಳಿದೂ ಹಾಗೆ ಹೇಳುತ್ತಿದ್ದೆ.

ಟಾಕ್ವಿಲ್‌ನ ನೆನಪುಗಳ ಪುಸ್ತಕವನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದ್ದು ಆಮೇಲೆ. 1850ರಲ್ಲಿ ಬರೆಯಲು ತೊಡಗಿದ್ದು, ಯಾರಿಗೂ ತೋರಿಸಲಿಕ್ಕಲ್ಲ. ಅಚ್ಚಾದದ್ದು ಅವನು ಸತ್ತು ಮೂವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, 1893ರಲ್ಲಿ. ಅದರಲ್ಲಿ ಅವನು ಬೇರೆಯವರನ್ನು ಹೇಗೆ ಸುಲಿಯುತ್ತಾನೋ ತನ್ನನ್ನೂ ಹಾಗೆಯೇ ಸುಲಿಯುತ್ತಾನೆ. ಬುದ್ಧಿಯಲ್ಲೋ ಭಾವದಲ್ಲೋ ವಿಶೇಷವಿಲ್ಲದ ಮನುಷ್ಯ ಎದುರಿಗಿದ್ದರೂ ತನಗೆ ಕಾಣುವುದೇ ಇಲ್ಲವಂತೆ. ಸದನದಲ್ಲಿ ದಿನವೂ ನೋಡುವ ಸದಸ್ಯರ ಹೆಸರನ್ನು ಮತ್ತೆ ಮತ್ತೆ ಕೇಳಿ ತಿಳಿದುಕೊಳ್ಳುತ್ತಿದ್ದನಂತೆ, ಮತ್ತೆ ಮರೆಯುತ್ತಿದ್ದನಂತೆ. ಜಗತ್ತನ್ನು ನಡೆಸುವವರು ಅಂಥವರೇ ಎಂಬುದೂ ಅವನಿಗೆ ಗೊತ್ತು. ಆದರೂ ಅವರ ಜೊತೆ ಕೂತರೆ ಬೇಸರ. ಇದನ್ನು ಓದುವಾಗ ನನಗೆ ಬಂದದ್ದು ನಾಚಿಕೆಯಲ್ಲ, ಮೊದಲು ಸಂತೋಷ. ನನ್ನಂಥ ಇನ್ನೊಬ್ಬ ಸಿಕ್ಕನಲ್ಲ ಎಂದು. ನಾಚಿಕೆ ಬಂದದ್ದು ಎರಡನೇ ಓದಿನಲ್ಲಿ.

1839ರಲ್ಲಿ ಅದೇ ವಲೋನ್‌ನಿಂದ ಗೆದ್ದು ಸದನಕ್ಕೆ ಹೋದ ಟಾಕ್ವಿಲ್ ಅಲ್ಲಿ ಮಿಂಚಲಿಲ್ಲ. ದನಿ ಸಣ್ಣದು, ಆರೋಗ್ಯ ಅಷ್ಟಕ್ಕಷ್ಟೆ. ಭಾಷಣ ಪುಸ್ತಕದ ಅಧ್ಯಾಯದಂತಿರುತ್ತಿತ್ತು. ಆ ಸದನದಲ್ಲಿ ಇತಿಹಾಸಕಾರರಿಗೆ ಬರವಿತ್ತು ಅಂತಲ್ಲ. ಗೀಜೋ ಮತ್ತು ತಿಯೇರ್ ಇಬ್ಬರೂ ಇತಿಹಾಸ ಬರೆದವರು, ಇಬ್ಬರೂ ಸರ್ಕಾರ ನಡೆಸಿದವರು. ಯುವಕನಾಗಿ ಪ್ಯಾರಿಸಿನಲ್ಲಿ ಗೀಜೋನ ಉಪನ್ಯಾಸಗಳಿಗೆ ಕೂತು ಟಿಪ್ಪಣಿ ಮಾಡಿಕೊಂಡಿದ್ದ ಟಾಕ್ವಿಲ್ ಈಗ ಅವನ ಎದುರು ಬೆಂಚಿನಲ್ಲಿ. 1848ರ ಜನವರಿ 27ರಂದು ಎದ್ದು ನಿಂತು, ನಾವು ಜ್ವಾಲಾಮುಖಿಯ ಮೇಲೆ ಮಲಗಿದ್ದೇವೆ ಎಂಬರ್ಥದಲ್ಲಿ ಎಚ್ಚರಿಸಿದ. ಆಳುವ ಪಕ್ಷದವರು ನಕ್ಕರು. ಫೆಬ್ರವರಿ 24ಕ್ಕೆ ದೊರೆ ಲೂಯಿ ಫಿಲಿಪ್ ಸಿಂಹಾಸನ ಬಿಟ್ಟ. ಬೇರೆ ಯಾರಾದರೂ ಆಗಿದ್ದರೆ ಜೀವನಪೂರ್ತಿ ಈ ಭವಿಷ್ಯವಾಣಿಯನ್ನೇ ಹೇಳಿಕೊಂಡಿರುತ್ತಿದ್ದರು. ಅಷ್ಟು ಬೇಗ, ಅಂಥದೊಂದು ಕ್ರಾಂತಿ ಆಗುತ್ತದೆಂದು ತಾನೂ ಎಣಿಸಿರಲಿಲ್ಲ ಎಂದು ಅವನು ಬರೆದಿಟ್ಟಿದ್ದಾನೆ. ನಾನು ನನ್ನ ಶಿಷ್ಯರಿಗೆ ಹಾಗೆ ಒಪ್ಪಿಕೊಂಡದ್ದು ನೆನಪಿಲ್ಲ.

ಹಾಗಾದರೆ ಅವನು ಊರಲ್ಲಿ ಹೇಗೆ ಗೆಲ್ಲುತ್ತಿದ್ದ? ನೋಟ್ಸಿನ ಟಾಕ್ವಿಲ್‌ನಲ್ಲಿ ನಾನು ಬಿಟ್ಟದ್ದೇ ಈ ಭಾಗ. 1842ರಿಂದ ಅವನು ಮಾಂಶ್ ಜಿಲ್ಲೆಯ ಮಂಡಳಿಯ ಸದಸ್ಯ, ಮುಂದೆ ಅದರ ಅಧ್ಯಕ್ಷ. ತಬ್ಬಲಿ ಕೂಸುಗಳ ಪೋಷಣೆಯ ಬಗ್ಗೆ ವರದಿ ಬರೆದ, ಶೆರ್ಬೂರ್‌ಗೆ ಪ್ಯಾರಿಸಿನಿಂದ ರೈಲು ತರಿಸಲು ಅರ್ಜಿ ಹಿಡಿದು ಓಡಾಡಿದ. ಅಲ್ಲಿ ಅವನು ಅಮೆರಿಕದ ಪಂಡಿತನಲ್ಲ, ಕೆಲಸ ಮಾಡಿಸಿಕೊಡುವ ಸದಸ್ಯ.

1848ರ ಏಪ್ರಿಲ್‌ನಲ್ಲಿ ಎಲ್ಲ ಗಂಡಸರಿಗೂ ಮತ ಬಂದಾಗಿನ ಚಿತ್ರ ಅವನ ನೆನಪುಗಳ ಪುಸ್ತಕದಲ್ಲೇ ಇದೆ. ಈಸ್ಟರ್ ಭಾನುವಾರ ಟಾಕ್ವಿಲ್ ಎಂಬ ಅವನ ಹಳ್ಳಿಯ ಮತದಾರರೆಲ್ಲ ಚರ್ಚಿನ ಮುಂದೆ ಸೇರಿದರು. ಮತಗಟ್ಟೆ ಸೇಂಟ್ ಪಿಯರ್ ಎಂಬಲ್ಲಿ, ನಡೆದು ಹೋಗಬೇಕು. ಹೆಸರಿನ ಅಕ್ಷರಕ್ರಮದಲ್ಲಿ ಇಬ್ಬಿಬ್ಬರಾಗಿ ಸಾಲು ನಿಂತರು. ಊರಿನ ಒಡೆಯನಾದ ಅವನೂ ತನ್ನ ಹೆಸರು ಬರುವ ಜಾಗದಲ್ಲೇ ನಿಂತು ನಡೆದ. ನಡೆಯಲಾಗದವರು ಗಾಡಿಯಲ್ಲಿ ಹಿಂದೆ. ಹೆಂಗಸರು ಮಕ್ಕಳು ಮಾತ್ರ ಮನೆಯಲ್ಲಿ, ಅವರಿಗೆ ಮತವೂ ಇರಲಿಲ್ಲ. ಮತ ಹಾಕುವವರೆಗೆ ಊಟಕ್ಕೆಂದು ಚದುರಬೇಡಿ ಎಂದು ದಾರಿಯಲ್ಲಿ ಸಾಲಿನವರಿಗೆ ಹೇಳಿದನಂತೆ. ಅವರೂ ಚದುರಲಿಲ್ಲ. ಈ ಸಾಲಿನಲ್ಲಿ ಒಡೆತನದ ವಾಸನೆ ಇಲ್ಲವೇ ಇಲ್ಲ ಎನ್ನಲಾರೆ. ಆದರೂ ಅಂಥ ಒಂದು ಸಾಲಿನಲ್ಲಿ ನನ್ನ ಜಾಗ ಯಾವುದೆಂದು ನನಗೆ ಗೊತ್ತಿರುತ್ತಿರಲಿಲ್ಲ. ನನ್ನ ಹಿಂದೆ ಮುಂದೆ ನಿಲ್ಲುವವರ ಹೆಸರು ತಿಳಿದರೆ ತಾನೆ?

ಅವನನ್ನು ದೇವರು ಮಾಡುವ ಉತ್ಸಾಹ ಈಗ ನನಗಿಲ್ಲ. ಪ್ರಜಾಪ್ರಭುತ್ವದ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಬರೆದವನೇ 1841ರಲ್ಲಿ ಅಲ್ಜೀರಿಯಾಕ್ಕೆ ಹೋಗಿಬಂದು, ಅಲ್ಲಿನವರ ಬೆಳೆ ಸುಡುವುದು, ಕಣಜ ಬರಿದು ಮಾಡುವುದು ಅನಿವಾರ್ಯ ಎಂದು ಸಮರ್ಥಿಸಿದ. ಇದೂ ನನ್ನ ಅರ್ಧ ಪುಟದಲ್ಲಿ ಇರಲಿಲ್ಲ.

1849ರ ಜೂನ್‌ನಿಂದ ಅಕ್ಟೋಬರ್‌ವರೆಗೆ ವಿದೇಶಾಂಗ ಮಂತ್ರಿಯಾಗಿದ್ದ. ಅಧ್ಯಕ್ಷ ಲೂಯಿ ನೆಪೋಲಿಯನ್ ಇಡೀ ಮಂತ್ರಿಮಂಡಲವನ್ನೇ ಮನೆಗೆ ಕಳಿಸಿದ. 1851ರ ಡಿಸೆಂಬರ್‌ನಲ್ಲಿ ಅದೇ ಅಧ್ಯಕ್ಷ ಸಂಸತ್ತನ್ನು ಮುಚ್ಚಿಸಿದಾಗ ಪ್ರತಿಭಟಿಸಿದ ಸದಸ್ಯರೊಂದಿಗೆ ಇವನೂ ಸೆರೆಯಾಗಿ ಬಿಡುಗಡೆಯಾದ. ರಾಜಕೀಯ ಅಲ್ಲಿಗೆ ಮುಗಿಯಿತು. ಆಮೇಲೆ ತೂರ್ ನಗರದ ದಫ್ತರಖಾನೆಯಲ್ಲಿ ಹಳೆಯ ಆಡಳಿತದ ಕಡತ ಬಿಚ್ಚಿಕೊಂಡು ಕೂತ. 1856ರಲ್ಲಿ ಹೊರಬಂದ ಪುಸ್ತಕ ಫ್ರೆಂಚ್ ಮಹಾಕ್ರಾಂತಿಯ ಇತಿಹಾಸವನ್ನೇ ತಿರುಗಿಸಿತು: ಅಧಿಕಾರವನ್ನೆಲ್ಲ ಪ್ಯಾರಿಸಿಗೆ ಎಳೆದುಕೊಂಡದ್ದು ಕ್ರಾಂತಿಯಲ್ಲ, ಅದಕ್ಕೂ ಹಿಂದಿನ ದೊರೆಗಳೇ. ಗಾಳಿಗೆ ಹಾರಿದ ಚರ್ಚಿನ ಚಾವಣಿ ರಿಪೇರಿ ಮಾಡಿಸಲೂ ಹಳ್ಳಿಯವರು ರಾಜನ ಮಂಡಳಿಯ ಅಪ್ಪಣೆಗೆ ಕಾಯಬೇಕಿತ್ತು. ರಾಜಕೀಯದಲ್ಲಿ ಸೋತದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಈ ಪುಸ್ತಕ ಎಲ್ಲಿರುತ್ತಿತ್ತು ಎನ್ನುವವರಿದ್ದಾರೆ. ಬೇರೆಯವರ ಸೋಲಿನಲ್ಲಿ ಲಾಭ ಲೆಕ್ಕ ಹಾಕುವುದು ಸುಲಭ.

ಕಳೆದ ವರ್ಷ ಡೇರಿಯ ಹುಡುಗ, ಈಗ ಮೆಂಬರ್ರು, ಒಂದು ಕಾಗದ ಹಿಡಿದು ಮನೆಗೆ ಬಂದ. 15ನೇ ಹಣಕಾಸು ಆಯೋಗದ ಅನುದಾನದ ಪತ್ರ. ಯಾವ ದುಡ್ಡನ್ನು ನೀರು, ನೈರ್ಮಲ್ಯಕ್ಕೇ ಖರ್ಚು ಮಾಡಬೇಕು, ಯಾವುದನ್ನು ಚರಂಡಿ ಪಕ್ಕದ ರಸ್ತೆಗೆ ಹಾಕಬಹುದು ಎಂದು ಅವನಿಗೆ ತಿಳಿಯಬೇಕಿತ್ತು. ಕ್ರಿಯಾಯೋಜನೆ ವಾಪಸ್ ಬಂದರೆ ಮಳೆಗಾಲ ಕಳೆದುಹೋಗುತ್ತದೆ ಎಂಬ ಆತಂಕ. ಕೂರಿಸಿಕೊಂಡು ಹೇಳತೊಡಗಿದೆ. ಆಯೋಗದ ಹುಟ್ಟು, 280ನೇ ವಿಧಿ, ಅಧಿಕಾರ ವಿಕೇಂದ್ರೀಕರಣ. ಹುಡುಗ ಗಡಿಯಾರ ನೋಡಿದ, ಸಂಜೆಯ ಹಾಲಿನ ಹೊತ್ತಾಗಿತ್ತು. ‘ರಸ್ತೆಗೆ ಹಾಕಬೌದಾ ಇಲ್ವಾ, ಅಷ್ಟು ಹೇಳಿ ಸಾರ್’ ಅಂದ. ಹಾಕಬಹುದಾದದ್ದಕ್ಕೆ ಗುರುತು ಮಾಡಿಕೊಟ್ಟೆ. ಅವನು ಎದ್ದು ಚಪ್ಪಲಿ ಮೆಟ್ಟುವಾಗ, ಅಡುಗೆಮನೆಯಿಂದ ನನ್ನ ಹೆಂಡತಿ ಅವನ ತಾಯಿಯ ಮಂಡಿನೋವು ಹೇಗಿದೆ ಎಂದು ಕೇಳಿದಳು. ಅವನು ಮತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ.